ಪಕ್ಕದ ಸೀಟು ಖಾಲಿ ಇದ್ದ ದಿನಗಳು

ಘಟ್ಟ ಇಳಿದು ಕುಂದಾಪುರದ ಬಳಿಯ ಕುಂಭಾಶಿಗೆ ಬಂದ ಮೊದಲ ದಿನ, ಹೆದ್ದಾರಿಯಿಂದ ಒಳಗಿದ್ದ ಒಂದು ಹಂಚಿನ ಮನೆಯ ಅಂಗಳದಲ್ಲಿ ನಿಂತು ಬಾಡಿಗೆಗೆ ಕೋಣೆ ಇದೆಯೇ ಎಂದು ಕೇಳಿದೆ. ಭತ್ತ ಹರಡುತ್ತಿದ್ದ ಹೆಂಗಸು ತಲೆ ಎತ್ತದೆ "ಇತ್ತ್" ಎಂದರು. ಇತ್ತು ಎಂದರೆ ಈಗ ಇಲ್ಲ ಎಂದೇ ನಮ್ಮ ಕಡೆಯ ಅರ್ಥ. ಟ್ರಂಕು ಎತ್ತಿಕೊಂಡು ಹೊರಟೆ. ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು: "ಹ್ವಾಯ್, ಕೋಣಿ ಇತ್ತ್ ಅಂದ್ರೆ ಹೋಪುದೆಂತಕೆ?"

ಈ ಊರಿನಲ್ಲಿ ಇತ್ತ್ ಎಂದರೆ ಇದೆ ಎಂದು. ಅವರೂ ಕನ್ನಡದವರು, ನಾನೂ ಕನ್ನಡದವಳು. ಆದರೂ ಒಂದು ಕೋಣೆ ಕೈತಪ್ಪಿಹೋಗುವುದರಲ್ಲಿತ್ತು.

ಹುಬ್ಬಳ್ಳಿಯ ಓದುಗರಾದ ನಿಮಗೆ ನಾನು ಯಾರೆಂದು ಹೇಳಿಯೇ ಮುಂದುವರಿಯುತ್ತೇನೆ. ನಿಮ್ಮಲ್ಲಿ ಕೆಲವರು ಈಗಾಗಲೇ ನನ್ನ ಬಗ್ಗೆ ಓದಿರುತ್ತೀರಿ. ನನ್ನ ಹೆಸರು ಶಾಂತಾ. ಅಪ್ಪ ಹತ್ತಿ ಜಿನ್ನಿನಲ್ಲಿ ದುಡಿಯುತ್ತಿದ್ದ. ನಡುವೆ ಮೂರು ವರ್ಷ ಓದು ಬಿಟ್ಟು ಮತ್ತೆ ಸೇರಿದ್ದರಿಂದ, ಅವನು ತೀರಿಕೊಂಡಾಗ ನಾನು ಇಪ್ಪತ್ತೊಂದರ ವಯಸ್ಸಿನಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ. ಅವ್ವನಿಗೆ ಉಬ್ಬಸ, ತಂಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ರವಿಕೆ ಹೊಲಿದು ನೋಡಿದೆ, ಸಾಲಲಿಲ್ಲ. ಓದು ಬಿಡಲು ಮನಸ್ಸಾಗಲಿಲ್ಲ. ಸ್ಟೇಶನ್ ರಸ್ತೆಯ ಒಂದು ಲಾಡ್ಜಿಗೆ ಗಂಡಸರ ಬಳಿ ಹೋಗತೊಡಗಿದೆ. ನನ್ನನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ, ಖುಷಿಯಿಂದಲೂ ಹೋಗಲಿಲ್ಲ. ಒಂದೂವರೆ ವರ್ಷ ಕ್ಲಾಸು ಮುಗಿಸಿ ಅಲ್ಲಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಪುಸ್ತಕ ತೆರೆಯುತ್ತಿದ್ದೆ.

ಒಂದು ಸಂಜೆ ಪೊಲೀಸರು ಬಂದರು. ವಾರಪತ್ರಿಕೆಯೊಂದು ನನ್ನ ಹೆಸರು, ಓದುತ್ತಿದ್ದ ತರಗತಿ, ಭಾವಚಿತ್ರ ಎಲ್ಲವನ್ನೂ ಅಚ್ಚು ಹಾಕಿತು. ಅದರಲ್ಲಿ ಗಂಡಸರ ಹೆಸರು ಒಂದೂ ಇರಲಿಲ್ಲ. ನಮ್ಮ ಓಣಿಯ ನಳದ ಹತ್ತಿರ ನಾನು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಳ್ಳುತ್ತಿದ್ದರು. ಅವ್ವ ನನ್ನನ್ನು ಬೈಯಲಿಲ್ಲ. ಹಿಂದಿನ ಸಂದಿಯಿಂದ ಓಡಾಡು ಎಂದಳು, ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ವಾಚನಾಲಯದ ಪತ್ರಿಕೆಯಲ್ಲಿ ಕುಂದಾಪುರದ ಕಾಲೇಜಿನ ಪ್ರಕಟಣೆ ಕಂಡದ್ದೇ, ಅರ್ಜಿ ಹಾಕಿದೆ. ಅಲ್ಲಿಯದು ಬೇರೆ ವಿಶ್ವವಿದ್ಯಾಲಯ, ಮತ್ತೆ ಮೊದಲ ವರ್ಷದಿಂದ ಶುರು ಮಾಡಬೇಕಿತ್ತು. ಆಗಲಿ ಎಂದೆ. ಕೂಡಿಟ್ಟಿದ್ದರಲ್ಲಿ ಅರ್ಧ ಅವ್ವನಿಗೆ ಕೊಟ್ಟು, ಉಳಿದದ್ದನ್ನು ಫೀಸಿಗೂ ಬಾಡಿಗೆಗೂ ಇಟ್ಟುಕೊಂಡೆ.

ಬಾಡಿಗೆಗೆ ಕೋಣೆ ಕೊಟ್ಟವರು ಗುಲಾಬಿ ಶೆಡ್ತಿ. ಐವತ್ತು ದಾಟಿದವರು. ಗಂಡ, ಅಣ್ಣ, ತಮ್ಮ ಎಲ್ಲರೂ ಮುಂಬಯಿಯ ಹೋಟೆಲುಗಳಲ್ಲಿ. ಇಲ್ಲಿ ಗದ್ದೆ, ಒಕ್ಕಲು, ಕೊಯ್ಲು ಎಲ್ಲ ಇವರದೇ ಕಾರುಬಾರು. ನಮ್ಮಲ್ಲಿ ಮನೆ ಅಪ್ಪನಿಂದ ಮಗನಿಗೆ ಹೋಗುತ್ತದೆ. ಇವರಲ್ಲಿ ಅಳಿಯಸಂತಾನ, ಕುಟುಂಬದ ಎಳೆ ತಾಯಿಯ ಕಡೆಯಿಂದ ಸಾಗುತ್ತದೆ. ಗುಲಾಬಕ್ಕ ಕುಳಿತಿದ್ದ ಚಾವಡಿ ಅವರ ತಾಯಿಯದು, ಅದಕ್ಕೂ ಮೊದಲು ಅಜ್ಜಿಯದು. ಇದನ್ನು ಮೊದಲು ಕೇಳಿದಾಗ ನಾನು ಕಣ್ಣರಳಿಸಿದ್ದೆ. ಮುಂದೆ ಇದೇ ನನ್ನನ್ನು ಉಳಿಸುತ್ತದೆಂದು ಆಗ ಗೊತ್ತಿರಲಿಲ್ಲ.

ನಮ್ಮೂರಿನ ಉಡುಪಿ ಹೋಟೆಲಿನ ಇಡ್ಲಿ ಸಾಂಬಾರು ತಿಂದವಳಾದ್ದರಿಂದ, ಇಲ್ಲಿ ಮನೆಮನೆಯಲ್ಲೂ ಅದೇ ಇರುತ್ತದೆ ಎಂದುಕೊಂಡು ಬಂದಿದ್ದೆ. ಎದುರಿಗೆ ಬಂದದ್ದು ಕೆಂಪು ಕುಚ್ಚಲಕ್ಕಿಯ ಗಂಜಿ ಮತ್ತು ಬಂಗುಡೆ ಮೀನು. ಮೊದಲ ತುತ್ತಿಗೇ ಮುಳ್ಳು ಗಂಟಲಿಗೆ ಸಿಕ್ಕಿತು. ಗುಲಾಬಕ್ಕ ಗಾಬರಿಯಾಗದೆ ಅನ್ನದ ಉಂಡೆ ಕೊಟ್ಟು ಅಗಿಯದೆ ನುಂಗಲು ಹೇಳಿದರು. ಜೋಳದ ರೊಟ್ಟಿ ಇಲ್ಲದೆ ಮೊದಲ ಎರಡು ತಿಂಗಳು ಉಂಡರೂ ಹಸಿದಂತೆಯೇ ಇರುತ್ತಿತ್ತು. ಮಳೆ ಹಿಡಿದರೆ ವಾರಗಟ್ಟಲೆ ಸೀರೆ ಒಣಗುವುದಿಲ್ಲ. ಒದ್ದೆ ಸೀರೆ ಉಟ್ಟು ಗದ್ದೆಯಂಚಿನಲ್ಲಿ ನಡೆಯುವಾಗ ಎರಡು ಸಲ ಕೆಸರಿಗೆ ಬಿದ್ದೆ. ಮೂರನೆಯ ಸಲ ಬೀಳಲಿಲ್ಲ. ಮೀನು ಮಾರುವವಳೊಂದಿಗೆ ಅವಳದೇ ಮಾತಿನಲ್ಲಿ ಚೌಕಾಸಿ ಮಾಡಿ ಗೆದ್ದ ದಿನ, ಗುಲಾಬಕ್ಕ ನೆರೆಮನೆಯವರನ್ನು ಕರೆದು ಅದನ್ನು ಹೇಳಿ ನಕ್ಕರು. ಒಂಟಿತನ ಇರಲಿಲ್ಲವೆಂದಲ್ಲ. ಆದರೆ ಬಸ್ಸಿನಲ್ಲಿ ಹೆಂಗಸರು ಸರಿದು ಜಾಗ ಕೊಡುತ್ತಿದ್ದರು. ಆ ಸುಖ ನಿಮಗೆ ಅರ್ಥವಾಗಲಿಕ್ಕಿಲ್ಲ.

ಎರಡು ವರ್ಷ ಹೀಗೆ ಕಳೆಯಿತು. ಕೊನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತಿದಾಗ, ಹಿಂದಿನ ಊರು ತೆಕ್ಕಟ್ಟೆಯಲ್ಲಿ ಹತ್ತಿ ಕುಳಿತಿದ್ದ ಒಬ್ಬರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಜವಳಿ ಅಂಗಡಿಯ ಸೀತಾರಾಮ. ಸೀರೆ ತರಲು ಆಗಾಗ ಹುಬ್ಬಳ್ಳಿಗೆ ಹೋಗಿಬರುತ್ತಿದ್ದವರು. ನನ್ನ ಭಾವಚಿತ್ರವಿದ್ದ ಆ ಪತ್ರಿಕೆ ಅವರ ಕೈಗೂ ಸಿಕ್ಕಿತ್ತು.

ಮೂರೇ ದಿನದಲ್ಲಿ ಸುದ್ದಿ ಹಬ್ಬಿತು. ನಾಲ್ಕನೆಯ ದಿನ ನಾನು ಕುಳಿತ ಸೀಟಿನಿಂದ ಪಕ್ಕದಲ್ಲಿದ್ದವರು ಎದ್ದರು. ಅಂದಿನಿಂದ ಬಸ್ಸು ಎಷ್ಟೇ ತುಂಬಿರಲಿ, ಬಸುರಿಯರು ಸಹ ಕಂಬಿ ಹಿಡಿದು ನಿಂತಿರುತ್ತಿದ್ದರೇ ಹೊರತು ನನ್ನ ಪಕ್ಕದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ನಾನೇ ಎದ್ದು ನಿಂತರೆ ಆ ಎರಡೂ ಸೀಟು ಖಾಲಿ ಉಳಿಯುತ್ತಿದ್ದವು. ಹಾಗಾಗಿ ಏಳುವುದನ್ನು ಬಿಟ್ಟೆ. ಹುಬ್ಬಳ್ಳಿಯಲ್ಲಿ ಹಿಂದಿನ ಸಂದಿ ಹಿಡಿದಿದ್ದೆ; ಇಲ್ಲಿ ಮುಂದಿನ ಸೀಟಿನಲ್ಲಿ ಕುಳಿತೆ. ಪ್ರಾಂಶುಪಾಲರನ್ನು ನಾನೇ ಹೋಗಿ ಕಂಡು ಎಲ್ಲವನ್ನೂ ಹೇಳಿದೆ. ಅವರು ರಿಜಿಸ್ಟರು ತೆರೆದು ನೋಡಿ, ಅದರಲ್ಲಿ ಇರುವುದು ಹಾಜರಾತಿ ಮತ್ತು ಅಂಕ ಎರಡೇ, ಎರಡೂ ಚೆನ್ನಾಗಿವೆ, ಕ್ಲಾಸಿಗೆ ಹೋಗಿ ಎಂದರು.

ಊರಿನ ಮೂವರು ಗಂಡಸರು ಗುಲಾಬಕ್ಕನ ಚಾವಡಿಗೆ ಬಂದು ನನ್ನನ್ನು ಹೊರಗೆ ಹಾಕಲು ಹೇಳಿದಾಗ ನಾನು ನನ್ನ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಗುಲಾಬಕ್ಕ ಅವರ ಮಾತು ಮುಗಿಯುವವರೆಗೆ ಕಾದು, ನನ್ನ ಕಡೆ ತಿರುಗಿದರು.

"ಸತ್ಯವಾ ಹೆಣೆ?"

"ಖರೇ ಐತ್ರಿ ಅಕ್ಕಾರ. ಹುಬ್ಬಳ್ಳ್ಯಾಗ ಮಾಡೀನಿ. ಇಲ್ಲೆ ಬಂದಮ್ಯಾಲೆ ಇಲ್ಲ."

ಅವರ ಮುಖ ಬಿಳಿಚಿತು. ಆದರೂ ಬಂದವರಿಗೆ ಹೇಳಿದ್ದು ಇಷ್ಟೇ: "ಮನಿ ನನ್ನಮ್ಮಂದ್, ಈಗ ನಂದ್. ಇಲ್ಲಿ ಯಾರ್ ಇರ್ಕ್ ಅಂಬುದ್ ನಾನ್ ಹೇಳ್ತೆ. ನೀವ್ ಚಾ ಕುಡ್ಕಂಡ್ ಹೋಯ್ನಿ."

ಅವರು ಚಹಾ ಕುಡಿಯದೆ ಹೋದರು. ಗುಲಾಬಕ್ಕ ನನ್ನನ್ನು ಹೊರಗೆ ಹಾಕಲಿಲ್ಲ, ಒಳಗೂ ಕರೆಯಲಿಲ್ಲ. ಅಂದಿನಿಂದ ನನ್ನ ಊಟ ಜಗಲಿಗೆ ಬರತೊಡಗಿತು. ಬಟ್ಟಲು ಇಟ್ಟು, ಮಾತಾಡದೆ ಒಳಗೆ ಹೋಗುತ್ತಿದ್ದರು. ಆ ಮೂವರು ಗಂಡಸರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ. ಆ ಬಟ್ಟಲು ಮಾತ್ರ ಅಳಿಸಿತು. ಆದರೂ ಪೂರ್ತಿ ಉಂಡು, ಬಾವಿಯ ಬಳಿ ತೊಳೆದು ಇಡುತ್ತಿದ್ದೆ. ಪರೀಕ್ಷೆಗೆ ಎರಡು ತಿಂಗಳಿತ್ತು, ಹಸಿದು ಓದಲಾಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಅದೇ ಜಗಲಿಯಲ್ಲಿ ಓದುತ್ತಿದ್ದಾಗ ಒಬ್ಬ ಹೆಂಗಸು ಛತ್ರಿ ಮಡಚಿ ಮೆಟ್ಟಿಲ ಬಳಿ ನಿಂತರು. ಮೂವತ್ತೈದರ ಆಸುಪಾಸು. ತಾನು ಸೀತಾರಾಮನ ಹೆಂಡತಿ ರುಕ್ಮಿಣಿ ಎಂದು ಹೇಳಿದರು. ತೆಕ್ಕಟ್ಟೆಯಿಂದ ನಡೆದೇ ಬಂದಿದ್ದರು. ಬಸ್ಸಿನಲ್ಲಿ ಬಂದರೆ ಎಲ್ಲಿಗೆಂದು ಕೇಳುವವರಿದ್ದರು. ಊರಿನ ಮಾತು ಈಗ ಅವರ ಮನೆಯ ಕಡೆಗೂ ತಿರುಗಿತ್ತು. ನನ್ನ ಗುರುತು ಸೀತಾರಾಮನಿಗೆ ಹೇಗೆ ಸಿಕ್ಕಿತು, ಹುಬ್ಬಳ್ಳಿಗೆ ಹೋಗುವುದು ಸೀರೆ ತರುವುದಕ್ಕೋ ಬೇರೆಯದಕ್ಕೋ ಎಂದು ಬಾವಿಯ ಹತ್ತಿರ, ಅಂಗಡಿಯ ಹತ್ತಿರ ಎಲ್ಲರೂ ನಗುತ್ತಿದ್ದರಂತೆ. ರುಕ್ಮಿಣಿಯ ಅತ್ತೆಯೂ ಅದನ್ನೇ ಕೇಳಿದರಂತೆ.

"ನಮ್ಮನಿಯವ್ರ್ ನಿಮ್ಮತ್ರ ಬತ್ತಿದ್ರಾ?" ಎಂದರು. "ಎಂತ ಇದ್ರೂ ಅಡ್ಡಿಲ್ಲ. ಸತ್ಯ ಹೇಳ್ಕ್."

ನಾನು ಕೂಡಲೇ ಉತ್ತರಿಸಲಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹೌದು ಎಂದರೆ ಸಾಕಿತ್ತು. ಊರೇ ನಂಬಲು ಸಿದ್ಧವಾಗಿತ್ತು. ನನ್ನ ಪಕ್ಕದ ಸೀಟನ್ನು ಖಾಲಿ ಮಾಡಿಸಿದ ಆ ಮನುಷ್ಯನಿಗೆ ತನ್ನ ಮನೆಯಲ್ಲೇ ಕೂರಲು ಜಾಗವಿಲ್ಲದಂತೆ ಮಾಡಬಹುದಿತ್ತು. ಅದರ ರುಚಿ ನಾಲಿಗೆಯ ತನಕ ಬಂದಿತ್ತು. ಆದರೆ ಎದುರಿಗಿದ್ದದ್ದು ಅವನಲ್ಲ. ಮೂರು ಮೈಲಿಯಷ್ಟು ನಡೆದು, ಬೆವರಿದ ಕೈಯಲ್ಲಿ ಛತ್ರಿ ಹಿಡಿದು ನಿಂತ ಹೆಂಗಸು.

"ಇಲ್ರಿ ಅಕ್ಕಾರ," ಎಂದೆ. "ನಿಮ್ಮ ಯಜಮಾನ್ರನ್ನ ನಾ ಮೊದಲ ನೋಡಿದ್ದು ಈ ಬಸ್ಸಿನಾಗ. ಅವರು ನನ್ನ ಫೋಟೋ ನೋಡಿದ್ರು, ಅಷ್ಟ."

ಅವರು ಛತ್ರಿಯನ್ನು ಮೆಟ್ಟಿಲಿಗೆ ಒರಗಿಸಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ, ನೀರು ಕೇಳಿದರು. ನಾನು ತಂದುಕೊಟ್ಟ ತಂಬಿಗೆಯ ನೀರನ್ನು ಎತ್ತಿ ಕುಡಿದು, ಬಂದ ದಾರಿಯಲ್ಲೇ ಹೋದರು.

ಗುಲಾಬಕ್ಕ ಬಾಗಿಲ ಹಿಂದೆಯೇ ಇದ್ದರೆಂದು ಆಮೇಲೆ ತಿಳಿಯಿತು. ಆ ಮಧ್ಯಾಹ್ನ ಬಟ್ಟಲು ಹೊರಗೆ ಬರಲಿಲ್ಲ. ಒಳಗಿನಿಂದ ಮಾತು ಬಂತು: "ಜಗ್ಲಿ ಮೇಲ್ ಎಂತಕೆ ಕೂಕಂಡದ್? ಒಳ್ಗ್ ಬಾ, ಉಂಬ." ಅದರ ಹಿಂದೆ ಕ್ಷಮೆಯೂ ಇರಲಿಲ್ಲ, ವಿವರಣೆಯೂ ಇರಲಿಲ್ಲ. ಎರಡು ಮಣೆ ಹಾಕಿದ್ದರು.

ಮರುದಿನ ಕುಂಭಾಶಿಯಲ್ಲಿ ಬಸ್ಸು ಹತ್ತಿದಾಗ ರುಕ್ಮಿಣಿ ತೆಕ್ಕಟ್ಟೆಯಿಂದಲೇ ಅದರಲ್ಲಿದ್ದರು. ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಅವರು ತಮ್ಮ ಜಾಗದಿಂದ ಎದ್ದು, ನಿಂತವರ ನಡುವೆ ನುಸುಳಿ ಬಂದು ನನ್ನ ಪಕ್ಕದಲ್ಲಿ ಕುಳಿತರು. ಕುಂದಾಪುರದವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ವಾರದೊಳಗೆ ಬೇರೆಯವರೂ ಕುಳಿತರು. ಕೆಲವರು ಇಂದಿಗೂ ಕುಳಿತುಕೊಳ್ಳುವುದಿಲ್ಲ. ಸೀತಾರಾಮ ನನ್ನಲ್ಲಿ ತಪ್ಪಾಯಿತು ಎನ್ನಲಿಲ್ಲ. ಒಂದು ಬಸ್ಸು ಮುಂಚೆಯೇ ಹೋಗತೊಡಗಿದರು.

ಬಿ.ಎ. ಎರಡನೆಯ ದರ್ಜೆಯಲ್ಲಿ ಮುಗಿಯಿತು. ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಯ ಕಚೇರಿಯಲ್ಲಿ ಪತ್ರವ್ಯವಹಾರ ನೋಡುವ ಕೆಲಸಕ್ಕೆ ಅರ್ಜಿ ಹಾಕಿದೆ. ಅವರು ಕೇಳುವ ಮೊದಲೇ ಹುಬ್ಬಳ್ಳಿಯ ಸಂಗತಿಯನ್ನು ನಾನೇ ಹೇಳಿದೆ. ಮಾಲೀಕರಿಗೆ ಸುದ್ದಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಕಾಗದ ಬರೆಯಲು ಬರುತ್ತದೆಯೇ ಎಂದು ಮಾತ್ರ ವಿಚಾರಿಸಿದರು. ಈಗ ನನ್ನ ಕೈಯಿಂದ ಹೋದ ಕಾಗದದ ಹಿಂದೆಯೇ ಈ ಊರಿನ ಹಂಚು ಮುಂಬಯಿಗೂ ನಮ್ಮ ಹುಬ್ಬಳ್ಳಿಗೂ ಹೋಗುತ್ತದೆ.

ಹೋದ ಬೇಸಿಗೆಯಲ್ಲಿ ತಂಗಿಯ ಮಗುವಿನ ಹೆಸರಿಡುವ ದಿನ ಹುಬ್ಬಳ್ಳಿಗೆ ಬಂದಿದ್ದೆ. ಬಂದ ಹೆಂಗಸರು ಯಾರಿವಳು ಎಂದು ಕೇಳಿದಾಗ ತಂಗಿ, "ನಮ್ಮಕ್ಕ, ಕುಂದಾಪುರದಾಕಿ" ಎಂದಳು. ಕುಂಭಾಶಿಯಲ್ಲಿ ಗುಲಾಬಕ್ಕ ನನ್ನನ್ನು ಪರಿಚಯಿಸುವುದು ಘಟ್ಟದ ಮೇಲಿನ ಹೆಣ್ಣು ಎಂದು. ತಂಗಿಯ ಮಾತಿಗೆ ಒಂದು ಗಳಿಗೆ ನೋವಾಯಿತು. ಆಮೇಲೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲವಲ್ಲ ಅನ್ನಿಸಿತು. ಎರಡು ದಿನ ಆಸೆಯಿಂದ ರೊಟ್ಟಿ ತಿಂದೆ. ಮೂರನೆಯ ದಿನ ಗಂಜಿ ಬೇಕೆನ್ನಿಸಿತು, ಯಾರಲ್ಲೂ ಹೇಳಲಿಲ್ಲ.

ಹೊರಡುವ ದಿನ ಅವ್ವ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಂದಳು. ಹಟ್ಟಹಗಲಲ್ಲಿ, ನಮ್ಮ ಓಣಿಯ ನಟ್ಟನಡುವೆ, ನಳದ ಮುಂದಿನಿಂದಲೇ ನನ್ನ ಕೈ ಹಿಡಿದು ನಡೆದಳು. ಏದುಸಿರು ಬಿಡುತ್ತಿದ್ದಳು, ಆದರೂ ಟಾಂಗಾ ಬೇಡವೆಂದಳು. ಬಸ್ಸು ಹೊರಡುವಾಗ ಕಿಟಕಿ ಹಿಡಿದು, ಮನೆಗೆ ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದಳು. ನಾಲ್ಕು ದಿನದ ಹಿಂದೆ, ಕುಂಭಾಶಿಯಿಂದ ಹೊರಡುವಾಗ, ಗುಲಾಬಕ್ಕ ಕೇಳಿದ್ದೂ ಅದನ್ನೇ.

ಅವರಿಗೆ "ಬತ್ತೆ" ಎಂದಿದ್ದೆ. ಅವ್ವನಿಗೆ "ಬರ್ತೇನಿ" ಎಂದೆ.