ಟಿಕ್ ಎಂದು ಸುಮ್ಮನಾಗುವ ಪಿಸ್ತೂಲಿಗೆ ವರ್ನಾ ಮದ್ದು

ಅಮೆರಿಕದ ಮೊಂಟಾನಾ ರಾಜ್ಯದ ಗೋಧಿ ಹೊಲಗಳ ಮೇಲೆ ಬೆಳಕು ಈಗಷ್ಟೇ ಹರಿಯುತ್ತಿದೆ. ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ವರ್ನಾ ಟಾಲೆಫ್‌ಸನ್ ದಪ್ಪ ಕನ್ನಡಕ ಏರಿಸಿಕೊಂಡು, ಕಾಡತೂಸು ತುಂಬುವ ಕೈಯಂತ್ರವಾದ ಪ್ರೆಸ್ಸಿನ ಹಿಡಿಯನ್ನು ಕೆಳಕ್ಕೆಳೆಯುತ್ತಾರೆ, ಮೇಲಕ್ಕೆತ್ತುತ್ತಾರೆ, ಕೊನೆಗೆ ಮುಂದಕ್ಕೆ ಒತ್ತುತ್ತಾರೆ. ಖಾಲಿ ಕಾಡತೂಸಿನ ಬುಡದಲ್ಲಿ ಹೊಸ ಪ್ರೈಮರ್ ಕೂರುವುದು ಆ ಕೊನೆಯ ಒತ್ತಿನಲ್ಲಿ. ಕಡಲೆಬೇಳೆಯಷ್ಟೇ ಇರುವ ಈ ಲೋಹದ ಬಟ್ಟಲಿಗೆ ಪಿಸ್ತೂಲಿನ ಮೊಳೆ ಬಡಿದರೆ ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. ವರ್ನಾ ಕಾಡತೂಸನ್ನು ತೆಗೆದು ಬುಡದ ಮೇಲೆ ಬೆರಳು ಸವರುತ್ತಾರೆ.

"ತಲೆ ಎತ್ತಿದೆ. ಇದು ಕೂದಲೆಳೆಯಷ್ಟು ಒಳಗೇ ಇರ್ಬೇಕು" ಎನ್ನುತ್ತಾ ಯಂತ್ರದ ತಟ್ಟೆ ಬಿಚ್ಚುತ್ತಾರೆ. ಪ್ರೈಮರನ್ನು ಒಳಕ್ಕೆ ತಳ್ಳುವ ಕಡ್ಡಿಯ ಕೆಳಗೆ ಕರಿ ಕಸ ಕೂತಿದೆ. ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಜೋಡಿಸುತ್ತಾರೆ. ಮುಂದಿನ ಕಾಡತೂಸಿನ ಬುಡ ನುಣ್ಣಗಿದೆ. "ಇದು ಸುಲಭದ್ದು. ಎಲ್ಲಾ ಹೀಗೇ ಸಿಕ್ಕಿಬಿಟ್ರೆ ನನ್ನನ್ಯಾರು ಕೇಳ್ತಿದ್ರು?"

ಕೊಯ್ಲು ಮುಗಿದ ಮೇಲೆ ಈ ಊರಿನ ಅರ್ಧ ಜನ ತಮ್ಮ ತಮ್ಮ ಗ್ಯಾರೇಜಿನಲ್ಲಿ ಕೂತು, ಹಾರಿಸಿದ ಕಾಡತೂಸುಗಳನ್ನೇ ಮತ್ತೆ ತುಂಬಿಕೊಳ್ಳುತ್ತಾರೆ. ಭಾನುವಾರ ಉಕ್ಕಿನ ಫಲಕಗಳಿಗೆ ಗುರಿಯಿಡುತ್ತಾರೆ. ಅವರ ಪ್ರೆಸ್ಸುಗಳು ಮುನಿಸಿಕೊಂಡಾಗ ಬಂದು ಸೇರುವುದು ವರ್ನಾ ಅವರ ಮೇಜಿಗೆ. ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ವರ್ನಾ ಕಲಿತದ್ದು ಅವರ ಪಕ್ಕದಲ್ಲಿ ನಿಂತು. ಊರಿನ ಮನೆಗಳಲ್ಲಿ ಬಟ್ಟೆ ಹೊಲಿಯುವವರೇ ಇಲ್ಲವಾದಾಗ ಆ ಅಂಗಡಿ ಮುಚ್ಚಿತು. ಹಾರ್ಡ್‌ವೇರ್ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದು ಕೂತ ವರ್ನಾ, ಯಾರೋ ಬೈದುಕೊಂಡು ತಂದಿಟ್ಟ ಪ್ರೆಸ್ಸನ್ನು ಕುತೂಹಲಕ್ಕೆಂದು ಬಿಚ್ಚಿ ನೋಡಿದರು. ಅಲ್ಲಿಂದ ಕೆಲಸ ಅಂಟಿಕೊಂಡಿತು.

"ಶುರುವಿನಲ್ಲಿ ಬಂದವರೆಲ್ಲ, ರಿಪೇರಿ ಮಾಡೋ ಗಂಡಸು ಎಲ್ಲಿ ಅಂತ ಕೇಳೋರು. ಊಟಕ್ಕೆ ಹೋಗಿದ್ದಾನೆ, ನಾಳೆ ಬನ್ನಿ ಅಂತಿದ್ದೆ. ರಿಪೇರಿ ನಾನೇ ಮಾಡಿಟ್ಟಿರ್ತಿದ್ದೆ. ಎಷ್ಟೋ ವರ್ಷ ಆ ಗಂಡಸು ಊಟದಿಂದ ವಾಪಸ್ಸೇ ಬರ್ಲಿಲ್ಲ."

ಅವರನ್ನು ನಿಜಕ್ಕೂ ಕಾಡಿದ್ದು ಕಳೆದ ವರ್ಷದ ಪ್ರಕರಣ. ಗೋಧಿ ಗೋದಾಮಿನಲ್ಲಿ ದುಡಿಯುವ ಲೈಲ್ ಬೆಕ್‌ಸ್ಟ್ರಾಂಡ್ ಊರಿನ ಒಳ್ಳೆಯ ಗುರಿಕಾರ. ಆದರೆ ಫಲಕಗಳನ್ನು ಮೊದಲು ಉರುಳಿಸಿದವರೇ ಗೆಲ್ಲುವ ಪಂದ್ಯದಲ್ಲಿ ಅವರ ಪಿಸ್ತೂಲು ಟಿಕ್ ಎಂದು ಸುಮ್ಮನಾಗುತ್ತಿತ್ತು. ಮೊದಲ ಏಟೆಲ್ಲ ತಲೆಯೆತ್ತಿದ ಪ್ರೈಮರನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತಿತ್ತು. ಅದೇ ಕಾಡತೂಸು ಎರಡನೆಯ ಏಟಿಗೆ ಸಿಡಿಯುತ್ತಿತ್ತು. ಅಷ್ಟರಲ್ಲಿ ಎದುರಾಳಿ ಗೆದ್ದಿರುತ್ತಿದ್ದ. ಗೆಳೆಯರು ಅವರಿಗೆ 'ಟಿಕ್ ಲೈಲ್' ಎಂದೇ ಹೆಸರಿಟ್ಟರು.

ಲೈಲ್ ಪ್ರೆಸ್ ತಂದುಕೊಟ್ಟರು. ವರ್ನಾ ತೊಳೆದರು, ತಟ್ಟೆ ಬಿಗಿ ಮಾಡಿದರು, ಕಡ್ಡಿ ಬದಲಿಸಿದರು. ಅಂಗಡಿಯಲ್ಲಿ ತುಂಬಿ ನೋಡಿದಾಗ ಒಂದು ಪ್ರೈಮರೂ ತಲೆಯೆತ್ತಲಿಲ್ಲ. ಮನೆಗೆ ಹೋದ ಪ್ರೆಸ್ ಮತ್ತೆ ಹಳೆಯ ಚಾಳಿಗೇ ಬಿತ್ತು. ಎರಡನೆಯ ಸಲವೂ ಅದೇ ಕಥೆ. ಆಗ ಲೈಲ್, ಊರವರು ಸೇರುವ ತಿಂಡಿ ಹೋಟೆಲಿನಲ್ಲಿ ಪ್ಯಾನ್‌ಕೇಕ್ ತಿನ್ನುತ್ತಾ ಎಲ್ಲರ ಮುಂದೆ ಅಂದರು: "ವರ್ನಾ ಕಥೆ ಮುಗೀತು. ಅವಳಿಗೆ ಹೊಲಿಗೆ ಯಂತ್ರಾನೇ ಸರಿ."

ಮಾತು ವರ್ನಾ ಕಿವಿಗೂ ಬಿತ್ತು. "ಸಿಟ್ಟು ಬರ್ಲಿಲ್ಲ. ನಿಜ ಇರ್ಬಹುದಾ ಅಂತ ಭಯ ಆಯ್ತು."

ರಾಜ್ಯಮಟ್ಟದ ಪಂದ್ಯಕ್ಕೆ ಕೆಲವೇ ದಿನಗಳಿದ್ದವು. ಒಂದು ಬೆಳಿಗ್ಗೆ, ಲೈಲ್ ಕೆಲಸಕ್ಕೆ ಹೊರಡುವ ಮೊದಲೇ ಅವರ ಗ್ಯಾರೇಜಿಗೆ ವರ್ನಾ ಹೋಗಿ ನಿಂತರು.

"ಇನ್ನೇನು ನೋಡೋಕೆ ಬಂದೆ?" ಎಂದರು ಲೈಲ್.

"ನೀನು ಕೆಲಸ ಮಾಡೋದನ್ನ."

"ಕೆಟ್ಟಿರೋದು ಯಂತ್ರ, ನಾನಲ್ಲ."

"ಮಾತು ಕಮ್ಮಿ ಮಾಡಿ ಹಿಡಿ ಒತ್ತು, ಲೈಲ್."

ಲೈಲ್ ಒತ್ತಿದರು. ವರ್ನಾ ಪ್ರೆಸ್ಸಿನತ್ತ ನೋಡಲೇ ಇಲ್ಲ. ಮೇಜಿನ ಮೇಲೆ ಅಂಗೈ ಇಟ್ಟು ನಿಂತರು. ಪ್ರತಿ ಒತ್ತಿಗೂ ಮೇಜು ತುಸು ಬಾಗಿ ಮೇಲೇಳುತ್ತಿತ್ತು. ಬಗ್ಗಿ ನೋಡಿದರೆ, ಹಳೆಯ ಬಾಗಿಲೊಂದನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಡ್ಡ ಹಾಕಿ ಮೇಜು ಮಾಡಿಕೊಂಡಿದ್ದರು.

"ನೀನು ಹಾಕೋ ಬಲಾನೆಲ್ಲ ಈ ಬಾಗಿಲೇ ತಿಂತಾ ಇದೆ. ಪ್ರೈಮರ್‌ಗೆ ಏನು ಉಳಿಯುತ್ತೆ? ನನ್ನ ಮೇಜು ಅಲ್ಲಾಡಲ್ಲ, ಅದಕ್ಕೇ ಅಲ್ಲಿ ಸರಿಹೋಗ್ತಿತ್ತು. ನಾನು ಮೊದಲೇ ಬಂದು ನೋಡ್ಬೇಕಿತ್ತು."

ಇಬ್ಬರೂ ಸೇರಿ ದಪ್ಪ ಹಲಗೆಗಳನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದರು. ಆಮೇಲೆ ತುಂಬಿದ ಒಂದೊಂದು ಕಾಡತೂಸಿನ ಬುಡವೂ ನುಣ್ಣಗೆ ಬಂತು. "ಹಳೇ ಕಾಡತೂಸು ಒಂದನ್ನೂ ಪಂದ್ಯಕ್ಕೆ ತಗೊಂಡು ಹೋಗ್ಬೇಡ" ಎಂದು ಗದರಿಸಿ ವರ್ನಾ ಅಂಗಡಿಗೆ ಬಂದರು.

ಪಂದ್ಯದ ದಿನ ಅವರು ಬೇಲಿಯ ಹಿಂದೆ, ಜನರ ನಡುವೆ ನಿಂತಿದ್ದರು. ಕೊನೆಯ ಸುತ್ತು. ಲೈಲ್ ಎದುರಿಗೆ ಹಿಂದಿನ ವರ್ಷದ ವಿಜೇತ. ಸೀಟಿ ಮೊಳಗಿತು. ಲೈಲ್ ಮುಂದಿನ ಫಲಕಗಳು ಒಂದರ ಹಿಂದೊಂದು ಠಣ್ಣೆಂದು ಮಗುಚಿದವು. ನಡುವೆ ಎಲ್ಲೂ ಆ ಟಿಕ್ ಇಲ್ಲ. ಎದುರಾಳಿಯ ಕೊನೆಯ ಫಲಕ ಇನ್ನೂ ನಿಂತಿತ್ತು. ಊರಿನವರು ಟೋಪಿ ಎಸೆದು ಕೇಕೆ ಹಾಕಿದರು. ವರ್ನಾ ಅಷ್ಟು ಹೊತ್ತು ಬಿಗಿಹಿಡಿದಿದ್ದ ಬೇಲಿಯನ್ನು ಬಿಟ್ಟರು.

ಮರುದಿನ ಅದೇ ತಿಂಡಿ ಹೋಟೆಲಿನಲ್ಲಿ ಲೈಲ್ ಎದ್ದು ನಿಂತರು. "ಇಲ್ಲೇ ಕೂತು ವರ್ನಾ ಬಗ್ಗೆ ಒಂದು ಮಾತಾಡಿದ್ದೆ. ಅದು ತಪ್ಪು. ಕೆಟ್ಟಿದ್ದದ್ದು ನನ್ನ ಮೇಜು."

"ಮೇಜು ಮಾಡಿದ್ಯಾರು?" ಎಂದರು ಯಾರೋ.

"ನಾನೇ."

ಹೋಟೆಲೆಲ್ಲ ನಗುವೋ ನಗು. ಪಂದ್ಯದಲ್ಲಿ ಗೆದ್ದ ಕಪ್ ಅನ್ನು ಲೈಲ್ ತಂದು ವರ್ನಾ ಅವರ ಕಾಫಿಯ ಪಕ್ಕ ಇಟ್ಟುಹೋದರು. ಮಧ್ಯಾಹ್ನದವರೆಗೂ ಅದು ಅಲ್ಲೇ ಇತ್ತಂತೆ.

ಈಗ ದೂರದ ಊರುಗಳಿಂದಲೂ ಪ್ರೆಸ್ಸುಗಳು ಬರುತ್ತಿವೆ. ತಂದವರನ್ನು ವರ್ನಾ ಕೇಳುವ ಮೊದಲ ಪ್ರಶ್ನೆ, "ಇದನ್ನ ಯಾವುದರ ಮೇಲೆ ಇಟ್ಟಿದ್ರಿ?" ಬೆರಳುಗಳು ಚಳಿಗೆ ಮರಗಟ್ಟುತ್ತವೆ, ಬೆನ್ನು ಹಿಡಿದುಕೊಳ್ಳುತ್ತದೆ, ಕೆಲಸ ಬಿಡುವ ಮಾತನ್ನು ಮಾತ್ರ ಆಡುವುದಿಲ್ಲ.

ನಿಮಗೇನು ಆಸೆ ಎಂದರೆ ತುಸು ನಾಚುತ್ತಾರೆ. ಇಷ್ಟು ವರ್ಷ ಬೇರೆಯವರ ಯಂತ್ರ ಸರಿಮಾಡಿದವರು ಈ ಸಲದ ಪಂದ್ಯಕ್ಕೆ, ಹೊಸಬರ ವಿಭಾಗದಲ್ಲಿ, ತಮ್ಮ ಹೆಸರನ್ನೂ ಕೊಟ್ಟಿದ್ದಾರೆ.

"ಗುರಿ ತಪ್ಪಬಹುದು, ಅದು ನನ್ನ ಕಣ್ಣಿನ ಪಾಡು" ಎನ್ನುತ್ತಾರೆ ವರ್ನಾ. "ಕಾಡತೂಸಂತೂ ಎಲ್ಲಾ ಸಿಡಿಯುತ್ತೆ."