ಮೊದಲು ಗುದ್ದಿದ ಜಾಗ

ಅಪಘಾತವಾದ ಕಾರು ನೋಡಲು ತುಮಕೂರಿನಿಂದ ಬರುತ್ತಿದ್ದ ಇನ್ಶೂರೆನ್ಸ್ ಸರ್ವೇಯರು ಕಾರನ್ನೇ ಕೊನೆಗೆ ನೋಡುತ್ತಿದ್ದರು. “ಕಾರು ಎಲ್ಲಿಗೂ ಓಡೋಗಲ್ಲ, ಮೊದ್ಲು ಗುದ್ದಿದ್ ಜಾಗ ತೋರಿಸ್ರಿ” ಎನ್ನುವುದು ಅವರ ಮಾತು. ಜೇಬಿನಲ್ಲಿ ಟೇಪಿದ್ದರೂ ಗೇಣು ಹಾಕಿಯೇ ಅಳೆಯುವರು. ಯಾಕೋ ನನಗೆ ಇಂದಿಗೂ ತಿಳಿಯದು.

ಎಂಬತ್ತನೇ ಇಸವಿಯ ಸುಮಾರಿಗೆ ಅಪ್ಪ ಎಮ್ಮೆಯೊಂದನ್ನು ತಪ್ಪಿಸಲು ಹೋಗಿ, ಮಾಯಸಂದ್ರದ ರಸ್ತೆಗಂಟಿದ ನಮ್ಮದೇ ತೋಟದ ತೆಂಗಿನ ಮರಕ್ಕೆ ಕಾರು ಗುದ್ದಿದ್ದರು. ಸರ್ವೇಯರು ಬಂದು ನೋಡಿದರೆ ಮರದಲ್ಲಿ ಗುರುತೇ ಇಲ್ಲ. ಹಿಂದಿನ ದಿನವೇ ಅಮ್ಮ ಅಲ್ಲಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದ್ದಳು.

“ಸಾಕ್ಷಿನೇ ಮುಚ್ಚಾಕ್ಬುಟ್ಯಲ್ಲೇ! ಇನ್ ಕ್ಲೇಮು ಸಿಕ್ಕಂಗೇ ಬುಡು” ಎಂದು ಅಪ್ಪ ಅದನ್ನು ಕೆರೆಯಲು ಕೋಲೆತ್ತಿಕೊಂಡರು.

“ಗಾಯ ಕಣ್ರೀ, ಹಂಗೇ ಬುಡಕ್ಕಾಯ್ತದಾ?” ಎಂದಳು ಅಮ್ಮ.

ಸರ್ವೇಯರು ಅಪ್ಪನ ಕೈ ಹಿಡಿದರು. “ಕೆರೀಬ್ಯಾಡಿ ಯಜಮಾನ್ರೇ, ಒಣಗ್ತಾ ಐತೆ.” ನೆಲದಿಂದ ಆ ಮಣ್ಣಿನವರೆಗೆ ಗೇಣು ಹಾಕಿದರು, ಎರಡೂವರೆ. ಕಾರಿನ ನೆಗ್ಗಿದ ಬಂಪರಿಗೂ ಎರಡೂವರೆ. ರಿಪೋರ್ಟಿಗೆ ಸಹಿ ಹಾಕಿದರು.

ಮರುವರ್ಷ ಇನ್ಯಾರದೋ ಲಾರಿ ನೋಡಲು ಹೊರಟವರು ನಮ್ಮ ತೋಟದ ಬಳಿ ಬಸ್ಸಿಳಿದರು. ರಿಪೇರಿಯಾಗಿ ಹೊಸ ಪೇಂಟಿನಲ್ಲಿ ಹೊಳೆಯುತ್ತಿದ್ದ ಕಾರಿನ ಪಕ್ಕದಲ್ಲೇ ಹಾದುಹೋಗಿ, ಮರದ ಮುಂದೆ ನಿಂತು ಅಮ್ಮನನ್ನು ಕೇಳಿದರು: “ಗಾಯ ಮಾಯ್ತೇನಮ್ಮಾ?”