ನನ್ನ ಹೆಸರಿನಲ್ಲಿದ್ದ ಫೋಲ್ಡರ್

ಕೊರೋನಾ ಮುಗಿದ ಮರುವರ್ಷ ನನಗೆ ಕಲಘಟಗಿಯ ಕರಕುಶಲ ತರಬೇತಿ ಕೇಂದ್ರಕ್ಕೆ ವರ್ಗವಾಯಿತು. ಕೆಲಸ ಸಿಸ್ಟಂ ಅಡ್ಮಿನಿಸ್ಟ್ರೇಟರ್. ಅಲ್ಲಿ ಇಂಟರ್ನೆಟ್ಟಿನ ಭರವಸೆಯಿರಲಿಲ್ಲ. ಹಾಗಾಗಿ ಒಂದು ಹಳೆಯ ಕಂಪ್ಯೂಟರನ್ನೇ ಲೋಕಲ್ ವೆಬ್ ಸರ್ವರ್ ಮಾಡಿ, ತೊಟ್ಟಿಲಿಗೆ ಬಣ್ಣ ಬರೆಯುವ ಕಲಾವಿದರ ವಿವರ, ತೊಟ್ಟಿಲಿನ ಫೋಟೋ ಸೇರಿಸುವ ಒಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಬರೆದೆ. ಪ್ರದರ್ಶನಕ್ಕೆ ಆಯ್ಕೆ ನಡೆಯುವುದು ಆ ಫೋಟೋಗಳ ಮೇಲೆಯೇ.

ಡೇಟಾ ಎಂಟ್ರಿ ಮಾಡುತ್ತಿದ್ದವರು ಸುಜಾತಾ, ಗುತ್ತಿಗೆ ನೌಕರಿ. ಫೋಟೋ ಹಾಕುವ ಪೇಜಿನಲ್ಲಿ ‘ಉಳಿಸಲಾಗಿದೆ’ ಎಂದು ಬಂದ ಕೂಡಲೇ ಕ್ಯಾಮೆರಾದ ಕಾರ್ಡ್ ಅಳಿಸಬೇಕೆಂಬ ನಿಯಮ ನನ್ನದೇ.

ಹಿರಿಯ ಕಲಾವಿದ ಮೌನೇಶಪ್ಪ ಒಂದು ದಿನ ತಡವಾಗಿ ತೊಟ್ಟಿಲು ತಂದರು. ಅರಗಿನ ಬಣ್ಣ ಆರಿರಲಿಲ್ಲವಂತೆ. ಪೇಜಿನಲ್ಲಿ ಹೊಸ ನೋಂದಣಿ ಮುಗಿದಿತ್ತು. ದೊಡ್ಡ ಉಪಕಾರ ಮಾಡುವವನಂತೆ ನಾನೇ ಸರ್ವರಿನ ಮುಂದೆ ಕೂತು ಅವರಿಗೊಂದು ಫೋಲ್ಡರ್ ಮಾಡಿಕೊಟ್ಟೆ. ಸುಜಾತಾ ಫೋಟೋ ಹಾಕಿದರು. ತೊಟ್ಟಿಲು ಅಂದೇ ಕುಂದಗೋಳದ ಗಿರಾಕಿಯ ಮನೆಗೆ ಹೋಯಿತು.

ಆಯ್ಕೆ ಸಮಿತಿ ಬಂದಾಗ ಆ ಫೋಲ್ಡರ್ ಖಾಲಿಯಿತ್ತು.

“ನಾ ಹಾಕೇನ್ರಿ ಸರ್. ‘ಉಳಿಸಲಾಗಿದೆ’ ಅಂತ ಬಂದ ಮ್ಯಾಲೇ ಕಾರ್ಡ್ ಅಳಿಸೇನ್ರಿ” ಎಂದರು ಸುಜಾತಾ.

“ಕಂಪ್ಯೂಟರ್ ಸುಳ್ಳ ಹೇಳೂದಿಲ್ಲವ್ವಾ. ಹಾಕಿಲ್ಲ ಅಂದ್ರ ಹಾಕಿಲ್ಲ ಅಂತ ಒಪ್ಕೋ” ಎಂದೆ. ಸಮಿತಿಯ ಐವರೂ ಕೇಳುತ್ತಿದ್ದರು. ಮೇಲಧಿಕಾರಿ ಸುಜಾತಾರಿಗೆ ಮೆಮೊ ಕೊಟ್ಟರು. ಮುಂದಿನ ತಿಂಗಳು ಅವರ ಗುತ್ತಿಗೆ ನವೀಕರಣವಾಗಬೇಕಿತ್ತು.

ಮರುದಿನ ಮೌನೇಶಪ್ಪ ಬಂದರು. ಕುಂದಗೋಳಕ್ಕೆ ಹೋಗಿ ಮತ್ತೊಂದು ಫೋಟೋ ತೆಗೆಯೋಣ ಎಂದೆ.

“ಕೂಸು ಮಲಗೇತ್ರಿ ಅದರಾಗ. ಎಬ್ಬಿಸಿ ತೊಟ್ಟಿಲಾ ಹೊರಗ ಇಡ್ರಿ ಅನ್ನಾಕ ಬರ್ತೈತೇನ್ರಿ? ನಂದು ಬಿಡ್ರಿ, ಮುಂದಿನ ವರ್ಷ ನೋಡೂಣು. ಆ ಹುಡುಗಿ ನನ್ನ ಕಣ್ಣ ಮುಂದ ಫೋಟೋ ಹಾಕ್ಯಾಳ. ಆಕಿ ಹೆಸರ ಕೆಡಸಬ್ಯಾಡ್ರಿ.”

ಆಗ ಸರ್ವರಿನ ದೋಷಗಳೆಲ್ಲ ದಾಖಲಾಗುವ ಎರರ್ ಲಾಗ್ ತೆರೆದೆ. ‘ಪರ್ಮಿಶನ್ ಡಿನೈಡ್’ ಎಂದಿತ್ತು. ವಿಷಯ ಸರಳ. ಪೇಜಿನ ಮೂಲಕ ನಡೆಯುವ ಸ್ಕ್ರಿಪ್ಟ್ ನಮ್ಮ ಲಾಗಿನ್‌ನಲ್ಲಿ ಅಲ್ಲ, ವೆಬ್ ಸರ್ವರಿನದೇ ಯೂಸರ್ ಹೆಸರಿನಲ್ಲಿ ನಡೆಯುತ್ತದೆ. ಉಳಿದವರ ಫೋಲ್ಡರುಗಳನ್ನು ಸ್ಕ್ರಿಪ್ಟೇ ಮಾಡಿತ್ತು, ಅವು ಸರ್ವರಿನ ಒಡೆತನದಲ್ಲಿದ್ದವು. ಮೌನೇಶಪ್ಪನವರದು ಮಾತ್ರ ನಾನು ಮಾಡಿದ್ದು, ನನ್ನ ಹೆಸರಿನಲ್ಲಿತ್ತು. ಅದರಲ್ಲಿ ಬರೆಯಲು, ಎಂದರೆ ಫೋಟೋ ಉಳಿಸಲು, ಸರ್ವರಿಗೆ ಅನುಮತಿಯೇ ಇರಲಿಲ್ಲ. ಬರೆದದ್ದಾಯಿತೋ ಇಲ್ಲವೋ ಎಂದು ನೋಡದೆಯೇ ‘ಉಳಿಸಲಾಗಿದೆ’ ಎಂದು ತೋರಿಸುತ್ತಿದ್ದುದೂ ನನ್ನದೇ ಸ್ಕ್ರಿಪ್ಟ್. ನನ್ನ ಲಾಗಿನ್‌ನಲ್ಲಿ ಒಮ್ಮೆ ಓಡಿಸಿ ನೋಡಿ, ಎಲ್ಲರಿಗೂ ಸರಿಯಿದೆ ಎಂದುಕೊಂಡಿದ್ದೆ. ಒಂದು ಸಾಲಿನ ಕಮಾಂಡಿನಲ್ಲಿ ಒಡೆತನ ಬದಲಾಯಿತು. ಆ ತಪ್ಪಿಗಿಂತ ನಾಚಿಕೆಗೇಡಿನ ಸಂಗತಿಯೆಂದರೆ, ಇದನ್ನು ಬಾಯಿಬಿಡಲು ನಾನು ನಾಲ್ಕು ದಿನ ತೆಗೆದುಕೊಂಡೆ.

ಐದನೆಯ ದಿನ ಸುಜಾತಾರನ್ನು ಒಬ್ಬರನ್ನೇ ನನ್ನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, “ತಪ್ಪು ನಂದವ್ವಾ” ಎಂದೆ.

ಅವರು ಬಾಗಿಲ ಕಡೆ ನೋಡಿದರು. “ಬೈಯುವಾಗ ಬಾಗಲಾ ತೆರದಿತ್ತಲ್ರಿ ಸರ್” ಎಂದರು.

ಅಂದೇ ಮೇಲಧಿಕಾರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಮೆಮೊ ರದ್ದಾಯಿತು, ಗುತ್ತಿಗೆಯೂ ಮುಂದುವರಿಯಿತು. ಕೆಲಸ ಮಾಡುವವರ ಲಾಗಿನ್‌ನಲ್ಲಿ ಕೂತು ನೋಡದೆ ಯಾರ ತಪ್ಪನ್ನೂ ಹೇಳಬಾರದು ಎಂದು ಈ ನೌಕರಿ ನನಗೆ ಕಲಿಸಿತು, ಬೆಲೆಯನ್ನು ಮಾತ್ರ ಬೇರೆಯವರು ತೆತ್ತರು. ಸಮಿತಿಯ ಐವರಿಗೂ ಪತ್ರ ಬರೆದೆ. ಎಷ್ಟು ಮಂದಿ ಓದಿದರೋ ತಿಳಿಯದು. ನಾನು ಬೈದದ್ದನ್ನಂತೂ ಐವರೂ ಕೇಳಿದ್ದರು.